ಮನೆಯಲ್ಲೇ ಕಲಿಯುವ ಮಗು, ಒಂದು ಪುಟಕ್ಕೆ ಒಂದು ಗಂಟೆ: ಪಾಠ ಕಡಿಮೆ ಮಾಡಬೇಕೋ, ತರಗತಿ ಇಳಿಸಬೇಕೋ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಮಗಳಿಗೆ 9 ತುಂಬಿದೆ, ಮನೆಯಲ್ಲೇ ಕಲಿಸ್ತಿದ್ದೇವೆ. ಸರ್ಕಾರಿ ಪಠ್ಯಪುಸ್ತಕ, ಕನ್ನಡ ಮಾಧ್ಯಮ, ಈಗ 3ನೇ ತರಗತಿಯದ್ದು. ಕಥೆ ಓದಿ ಹೇಳಿದರೆ ಪ್ರಶ್ನೆಗೆಲ್ಲ ಬಾಯಲ್ಲಿ ಪಟಪಟ ಉತ್ತರ ಬರುತ್ತೆ. ಅದನ್ನೇ ಬರಿ ಅಂದರೆ ನಾಲ್ಕು ಸಾಲಿಗೆ ಅರ್ಧ ಗಂಟೆ. ಕಳೆಯುವ ಲೆಕ್ಕ 12 ಇರುವ ಪುಟಕ್ಕೆ ಒಂದು ಗಂಟೆ ದಾಟುತ್ತೆ. ಓದುವಾಗ ಒಂದೊಂದೇ ಅಕ್ಷರ ಕೂಡಿಸ್ತಾಳೆ, ಒತ್ತಕ್ಷರ ಬಂದ ಕಡೆ ನಿಂತುಬಿಡ್ತಾಳೆ. ಬೆಳಿಗ್ಗೆ 9ಕ್ಕೆ ಕೂತರೆ ಸಂಜೆ 4 ಆದರೂ ಆ ದಿನದ್ದು ಬಾಕಿ.

2ನೇ ತರಗತಿ ಪುಸ್ತಕಕ್ಕೆ ಹಿಂದೆ ಹೋಗಬೇಕಾ? ಲೆಕ್ಕ ಅರ್ಧ ಮಾಡಿಸಿದರೆ ಸಾಕಾ? ಮುಂದೆ ಹತ್ತನೇ ತರಗತಿ ಪರೀಕ್ಷೆ ಅಂತ ಬಂದಾಗ ಏನು ದಾರಿ? ತಿಳಿದವರು ವಿವರವಾಗಿ ಹೇಳಿ.

ನಲಿಕಲಿ_ಟೀಚರ್
ತರಗತಿ ಇಳಿಸುವ ಮಾತು ಆಮೇಲೆ. ಸಮಯ ಎಲ್ಲಿ ಸೋರ್ತಿದೆ ಅಂತ ಮೊದಲು ಹಿಡೀಬೇಕು. "ನಿಧಾನ" ಅನ್ನೋದು ಒಂದೇ ಕಾಯಿಲೆ ಅಲ್ಲ. ಯೋಚನೆ ನಿಧಾನ ಇರಬಹುದು, ಓದು ನಿಧಾನ ಇರಬಹುದು, ಕೈ ನಿಧಾನ ಇರಬಹುದು. ಮೂರಕ್ಕೂ ಮದ್ದು ಬೇರೆ.

ಹೀಗೆ ಮಾಡಿ ನೋಡಿ. ಒಂದೇ ಮಟ್ಟದ 15 ಕಳೆಯುವ ಲೆಕ್ಕ ತಗೊಳ್ಳಿ. ಐದನ್ನು ನೀವೇ ಬಾಯಲ್ಲಿ ಕೇಳಿ, ಅವಳೂ ಬಾಯಲ್ಲೇ ಹೇಳಲಿ. ಐದನ್ನು ನೀವೇ ದೊಡ್ಡದಾಗಿ ಬರೆದುಕೊಡಿ, ಅವಳು ಉತ್ತರ ಮಾತ್ರ ಬರೀಲಿ. ಕೊನೆಯ ಐದನ್ನು ಅವಳೇ ಪುಸ್ತಕ ನೋಡಿ ಬರೆದುಕೊಂಡು ಮಾಡಲಿ. ಪ್ರತಿ ಐದಕ್ಕೂ ಎಷ್ಟು ನಿಮಿಷ ಆಯ್ತು ಅಂತ ಗುರುತು ಹಾಕಿ, ಆದರೆ ಗಡಿಯಾರ ಅವಳ ಕಣ್ಣಿಗೆ ಬೀಳಬಾರದು. ಮೂರೂ ಬೇರೆ ಬೇರೆ ದಿನ ಬೆಳಿಗ್ಗೆ ಮಾಡಿ, ಒಂದೇ ದಿನ ಮಾಡಿದರೆ ಸುಸ್ತು ಸೇರಿಕೊಂಡು ಲೆಕ್ಕ ತಪ್ಪುತ್ತೆ.

ಬಾಯಲ್ಲೂ ನಿಧಾನ ಅಂದರೆ ತೊಂದರೆ ಸಂಖ್ಯೆಯಲ್ಲಿದೆ. ಬಾಯಲ್ಲಿ ಬೇಗ, ಉತ್ತರ ಬರೆಯೋದೂ ಪರವಾಗಿಲ್ಲ, ನಕಲು ಮಾಡುವಾಗ ಮಾತ್ರ ಮೂರು ಪಟ್ಟು ಅಂದರೆ ಕೈ ಇಲ್ಲವೇ ಕಣ್ಣು.

ಬಯಲುಸೀಮೆ_ಅಪ್ಪ
ಇಷ್ಟೆಲ್ಲ ಬೇಡ ಸ್ವಾಮಿ. 20 ನಿಮಿಷಕ್ಕೆ ಟೈಮರ್ ಇಡಿ, ಮುಗಿಸಿದರೆ ಆಟ, ಇಲ್ಲಾಂದ್ರೆ ಇಲ್ಲ. ತಾನಾಗಿ ವೇಗ ಬರುತ್ತೆ.

ಧಾರವಾಡ_ಗಣಿತ
ಟೈಮರ್ ಇಡಬ್ಯಾಡ್ರಿ. ಗಡಿಯಾರ ಎದುರಿಗಿಟ್ರ ಹುಡುಗಿ ಗಡಿಯಾರ ನೋಡತಾಳ, ಲೆಕ್ಕ ನೋಡೂದಿಲ್ಲ. ಅವಸರಕ್ಕ ಬಿದ್ದ ಹುಡುಗರು ಮಾಡೋ ತಪ್ಪು ಹಿಂಗಿರ್ತದ ನೋಡ್ರಿ: 42 – 17 ಕೊಟ್ರ 35 ಅಂತ ಬರೀತಾರ. ಮ್ಯಾಲಿಂದ ಕೆಳಗ ಕಳಿಯೂದು ಬಿಟ್ಟು, ದೊಡ್ಡದರಾಗಿಂದ ಸಣ್ಣದು ಕಳದಬಿಡತಾರ, 7ರಾಗ 2 ಹೋದ್ರ 5. ಇದನ್ನ ವೇಗ ಅಂತ ಶಾಬಾಸ್‌ಗಿರಿ ಕೊಟ್ರ ತಪ್ಪು ಗಟ್ಟಿ ಆಗತದ.

ತಪ್ಪಿನ ಜಾತಿ ನೋಡ್ರಿ ಮೊದಲ. 403 – 128 ಕೊಡ್ರಿ. ಸರಿ ಉತ್ತರ 275. 325 ಬಂತಂದ್ರ ಮ್ಯಾಲೆ ಹೇಳಿದ ರೋಗ. 375 ಬಂತಂದ್ರ ಬ್ಯಾರೆ ರೋಗ: ನಡುವಿನ ಸೊನ್ನೀನ 9 ಮಾಡ್ಯಾಳ, ಆದ್ರ ನೂರರ ಮನೀಯೊಳಗಿನ 4ನ್ನ 3 ಮಾಡೂದು ಬಿಟ್ಟಾಳ. ಎರಡಕ್ಕೂ ಔಷಧ ಕಡ್ಡಿ ಕಟ್ಟು. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್, ಅಂಥಾ ಹತ್ತು ಕಟ್ಟಿಗೆ ಒಂದು ದೊಡ್ಡ ರಬ್ಬರ್ ಬ್ಯಾಂಡ್. 403 ಅಂದ್ರ ನಾಲ್ಕು ದೊಡ್ಡ ಕಟ್ಟು, ಮೂರು ಬಿಡಿ ಕಡ್ಡಿ. 8 ಬಿಡಿ ತಗೀಬೇಕಂದ್ರ ಹತ್ತರ ಕಟ್ಟ ಇಲ್ಲ. ಹಂಗಾಗಿ ದೊಡ್ಡದೊಂದು ಬಿಚ್ಚಬೇಕು, ಅದರಾಗಿನ ಸಣ್ಣದೊಂದು ಬಿಚ್ಚಬೇಕು. ಈಗ ಮೂರು ದೊಡ್ಡವು, ಒಂಬತ್ತು ಸಣ್ಣವು, ಹದಿಮೂರು ಬಿಡಿ. ಕೈಯಿಂದ ಬಿಚ್ಚಿದ ಮ್ಯಾಲೆ ಕಾಗದದ ಮ್ಯಾಲಿನ 3, 9, 13 ಎಲ್ಲಿಂದ ಬಂತು ಅಂತ ತಿಳೀತದ. ಕಡ್ಡಿ ಮಾಡೂದು, ಬರಿಯೂದು ಎರಡೂ ಜೋಡಿ ನಡೀಬೇಕು, ಒಂದು ಕಟ್ಟು ಬಿಚ್ಚಿದ ಕೂಡಲೆ ಕಾಗದದ ಮ್ಯಾಲೆ ಒಂದು ಗೀಟು.

ಇನ್ನ 12 ಲೆಕ್ಕ ಯಾಕ್ರೀ? ಐದು ಸಾಕು. ಎರಡು ನಿನ್ನೀವು, ಎರಡು ಹೊಸಾವು, ಒಂದು ಹೋದ ವಾರದ್ದು.

ಬಯಲುಸೀಮೆ_ಅಪ್ಪ
@ಧಾರವಾಡ_ಗಣಿತ ಐದೇ ಲೆಕ್ಕ ಮಾಡಿಸಿ ಹತ್ತನೇ ತರಗತಿಗೆ ಕಳಿಸ್ತೀರಾ? ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕದ ಪತ್ರಿಕೆಗೆ ಪ್ರಶ್ನೆ ಓದಿಕೊಳ್ಳೋ 15 ನಿಮಿಷವೂ ಸೇರಿ ಇರೋದು ಮೂರೂಕಾಲು ಗಂಟೆ. ಅಲ್ಲಿ ಯಾರೂ ಕಡ್ಡಿ ಬಿಚ್ಚೋಕೆ ಬಿಡಲ್ಲ.

ಧಾರವಾಡ_ಗಣಿತ
ಆ ಪರೀಕ್ಷೆಗೆ ಇನ್ನೂ ಆರೇಳು ವರ್ಷ ಅದಾವ್ರಿ. ಐದು ಲೆಕ್ಕ ಸರಿ ಮಾಡಿ ಉಳಿದ ಹೊತ್ತು 20ರೊಳಗಿನ ಕೂಡೂದು ಕಳಿಯೂದು ಬಾಯಿಲೆ ಮಾಡಿಸಿದ್ರ ವೇಗ ಅಲ್ಲಿಂದ ಬರತದ. ಮೂರನೇ ತರಗತಿ ಹುಡುಗರ ಲೆಕ್ಕ ಹೆಚ್ಚಾಗಿ ನಿಲ್ಲೂದು 13 – 8ರ ಹತ್ರ. ಬೆರಳು ಮಡಚಿ ಹಿಂದಕ್ಕ ಎಣಿಸಿದ್ರ ಒಂದೊಂದಕ್ಕೂ ಅರ್ಧ ನಿಮಿಷ ಹೋಗತದ. ಮೂರು ಅಂಕಿಯ ಲೆಕ್ಕದಾಗ ಇಂಥಾವು ಎರಡು ಬಂದ್ರ ಕತಿ ಮುಗೀತು.

ಹತ್ತರ ಜೋಡಿ ಮೊದಲ ಬಾಯಿಗೆ ಬರಬೇಕು: 9–1, 8–2, 7–3, 6–4, 5–5. ಆಮ್ಯಾಲೆ 8ರಿಂದ 10ಕ್ಕ 2, 10ರಿಂದ 13ಕ್ಕ 3, ಒಟ್ಟು 5. ಹತ್ತು ಚೀಟಿ ಮಾಡ್ರಿ, ಎಂಟು ಬರೂವು, ಎರಡು ಬರಲಾರದವು. ದಿನಕ್ಕ ಮೂರು ನಿಮಿಷ. ಹತ್ತೂ ಬರಲಾರದವು ಕೊಟ್ರ ಹುಡುಗಿ ಚೀಟಿ ನೋಡಿದ ಕೂಡಲೆ ಎದ್ದು ಹೋಗತಾಳ.

ಅಜ್ಜಿಮಗ್ಗಿ
ಮಗ್ಗಿ ಬಾಯಿಪಾಠ ಮಾಡಿಸಿ. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು. ಸಂಜೆ ದೀಪ ಹಚ್ಚಿದ ಮೇಲೆ ಇಪ್ಪತ್ತರವರೆಗೆ ಹೇಳಿಸ್ತಿದ್ದ ಕಾಲದಲ್ಲಿ ಈ ತೊಂದರೆ ಇರಲಿಲ್ಲ.

ನಲಿಕಲಿ_ಟೀಚರ್
@ಅಜ್ಜಿಮಗ್ಗಿ ಅಮ್ಮ, ಹೇಳಿಸೋದು ಒಳ್ಳೇದೇ. ಆದರೆ ರಾಗವಾಗಿ ಹೇಳೋ ಮಗುವಿಗೆ ದಿಢೀರಂತ "ಏಳೆಂಟ್ಲೆ?" ಅಂದರೆ ಏಳೊಂದ್ಲೆಯಿಂದ ಶುರು ಮಾಡಿ ಎಂಟರ ತನಕ ಬರುತ್ತೆ. ಭಾಗಾಕಾರದಲ್ಲಿ ಅದೇ ಸಮಯ ತಿನ್ನೋದು. ಹೇಳಿಸಿದ ಮೇಲೆ ಹಿಂದುಮುಂದಾಗಿಯೂ ಕೇಳಬೇಕು.

ಕ್ರಮವನ್ನೂ ಬದಲಿಸಿ ನೋಡಿ. 2, 5, 10 ಮೊದಲು. 2ರ ದುಪ್ಪಟ್ಟು 4. ಆಮೇಲೆ 3, ಅದರ ದುಪ್ಪಟ್ಟು 6. ಆಮೇಲೆ 9. ಇಷ್ಟು ಬಂದು, 3×7 ಮತ್ತು 7×3 ಒಂದೇ ಅಂತ ಗೊತ್ತಾದರೆ ಹತ್ತರ ತನಕದ ಮಗ್ಗಿಯಲ್ಲಿ ಹೊಸದಾಗಿ ಕಲಿಯೋಕೆ ಉಳಿಯೋದು ಮೂರೇ ಮೂರು: 7×7 49, 7×8 56, 8×8 64. ನಿಧಾನದ ಮಗುವಿಗೆ "ಇನ್ನು ಮೂರೇ ಬಾಕಿ" ಅನ್ನೋದು ದೊಡ್ಡ ಬಲ.

ಅಜ್ಜಿಮಗ್ಗಿ
ಇದು ಚೆನ್ನಾಗಿದೆ. ಒಪ್ಪಿದೆ. ಆದರೂ ರಾಗ ಬಿಡಬೇಡಿ.

ಮಾತುಕಲಿಕೆ_ಮೈಸೂರು
ಎಲ್ಲರೂ ಲೆಕ್ಕದ ಹಿಂದೆ ಬಿದ್ದಿದ್ದೀರಿ. 9 ವರ್ಷದ ಮಗು ಅಕ್ಷರ ಅಕ್ಷರ ಕೂಡಿಸಿ ಓದ್ತಿದೆ ಅನ್ನೋದೇ ಇಲ್ಲಿ ದೊಡ್ಡ ವಿಷಯ ಅನ್ನಿಸುತ್ತೆ.

ಮೊದಲು ಕಣ್ಣು ಮತ್ತು ಕಿವಿ ಪರೀಕ್ಷೆ. ದೂರದ್ದು ಮಾತ್ರವಲ್ಲ, ಹತ್ತಿರದ ದೃಷ್ಟಿಯನ್ನೂ ನೋಡಿಸಿ. ಆಗಾಗ ಶೀತ, ಕಿವಿ ಸೋರುವುದು ಇದ್ದರೆ ತ–ದ, ಪ–ಬ ಕೇಳಿಸುವುದರಲ್ಲೇ ಗೊಂದಲ ಇರಬಹುದು. ರಕ್ತಹೀನತೆ ಇದ್ದರೂ ಗಮನ ನಿಲ್ಲಲ್ಲ, ಹಿಮೋಗ್ಲೋಬಿನ್ ನೋಡಿಸೋದು ಸುಲಭ. ಇನ್ನೊಂದು, ಪಾಠದ ನಡುವೆ ಕೆಲವು ಸೆಕೆಂಡು ಶೂನ್ಯ ನೋಡ್ತಾ ಕೂತು, ಕರೆದರೂ ಭುಜ ಮುಟ್ಟಿದರೂ ಎಚ್ಚರವಾಗದೆ, ಆಮೇಲೆ ಏನೂ ಆಗದವಳಂತೆ ಮುಂದುವರಿಸ್ತಾಳಾ? ಹಾಗಿದ್ದರೆ ಅದನ್ನು ಕನಸು ಕಾಣ್ತಾಳೆ ಅಂತ ಬಿಡಬೇಡಿ. ಒಂದು ಬಗೆಯ ಅಪಸ್ಮಾರ (ಮೂರ್ಛೆರೋಗ) ಹಾಗೇ ಕಾಣಿಸಿಕೊಳ್ಳುತ್ತೆ, ಔಷಧವಿದೆ. ಮಕ್ಕಳ ವೈದ್ಯರಿಗೆ ತೋರಿಸಿ, ಸಾಧ್ಯವಾದರೆ ಮೊಬೈಲಲ್ಲಿ ಚಿತ್ರೀಕರಿಸಿಕೊಂಡು ಹೋಗಿ.

ಇವೆಲ್ಲ ಸರಿಯಿದ್ದೂ ಓದು ಹೀಗೇ ಇದ್ದರೆ ಕಲಿಕಾ ನ್ಯೂನತೆಯ (ಬುದ್ಧಿ ಚೆನ್ನಾಗಿದ್ದೂ ಓದು, ಬರಹ ಅಥವಾ ಲೆಕ್ಕ ಮಾತ್ರ ಕಷ್ಟವಾಗೋದು) ತಪಾಸಣೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎರಡೂ ಕಡೆ ಮಾಡ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ 8 ವರ್ಷದ ಮೇಲೆ ಕೊಡೋದು, 14 ಮತ್ತು 18ಕ್ಕೆ ಮತ್ತೆ ತಪಾಸಣೆ. ಹೋಗುವಾಗ ನೋಟ್‌ಬುಕ್ ಒಯ್ಯಿರಿ, ಅದೂ ನೀವು ತಿದ್ದದೇ ಇರುವ ಪುಟಗಳು.

ಕೆಂಪುಕೋಟೆ
ಒಂದು ಸಣ್ಣ ಮಗು ನಿಧಾನ ಅಂದ್ರೆ ಸಾಕು, ಆಸ್ಪತ್ರೆಗೆ ಕಳಿಸ್ತೀರಿ. ಶಾಲೆಗೆ ಸೇರಿಸಿ. 6ರಿಂದ 14ರವರೆಗೆ ಶಾಲೆ ಕಡ್ಡಾಯ, ಮನೆಯಲ್ಲಿ ಕೂರಿಸೋದೇ ಕಾನೂನುಬಾಹಿರ.

ಮುಕ್ತಶಾಲೆ_ಮಾಹಿತಿ
@ಕೆಂಪುಕೋಟೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಂ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅನ್ನುತ್ತೆ, ಅದು ನಿಜ. ಮನೆಶಿಕ್ಷಣದ ಹೆಸರೆತ್ತಿ ನಿಷೇಧಿಸಿಲ್ಲ, ಆ ಕಾಯ್ದೆಯಲ್ಲಿ ಪೋಷಕರಿಗೆ ದಂಡನೆಯೂ ಇಲ್ಲ. ಅದೇ ಕಾಯ್ದೆಯ 4ನೇ ಕಲಂ ತಾಯಂದಿರಿಗೆ ಧೈರ್ಯ ಕೊಡೋದು: ಶಾಲೆಯಿಂದ ಹೊರಗಿದ್ದ ಮಗು ಯಾವಾಗ ಸೇರಿದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು. ಬಾಗಿಲು ಮುಚ್ಚಿರಲ್ಲ.

ಹತ್ತನೇ ತರಗತಿ ವಿಷಯ. ಎನ್‌ಐಒಎಸ್, ಅಂದರೆ ಕೇಂದ್ರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ನಿಧಾನದ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಅದರ ಸೆಕೆಂಡರಿಗೆ (ಹತ್ತನೇ ತರಗತಿಗೆ) 14 ತುಂಬಿರಬೇಕು. 8ನೇ ತರಗತಿ ಪ್ರಮಾಣಪತ್ರ ಇಲ್ಲದಿದ್ದರೆ, ಓದಲು ಸಮರ್ಥನಿದ್ದೇನೆ ಅನ್ನೋ ಸ್ವಯಂ ಘೋಷಣೆ ನಡೆಯುತ್ತೆ. ನೋಂದಣಿ ಐದು ವರ್ಷ ಇರುತ್ತೆ, ಅಷ್ಟರಲ್ಲಿ ಒಂಬತ್ತು ಅವಕಾಶ. ವರ್ಷಕ್ಕೆರಡು ಸಲ ಪರೀಕ್ಷೆ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ಐದೂ ವಿಷಯ ಒಟ್ಟಿಗೆ ಬರೀಬೇಕಿಲ್ಲ, ಪಾಸಾದದ್ದು ಜಮೆಯಾಗ್ತಾ ಹೋಗುತ್ತೆ. ಪಾಸಾಗಲು 33%. ಐದು ವಿಷಯದಲ್ಲಿ ಒಂದಾದರೂ ಭಾಷೆ ಇರಬೇಕು, ಕನ್ನಡ ಇದೆ. ಗಣಿತ ಕಡ್ಡಾಯ ಅಲ್ಲ. ಆದರೆ ಕೈಬಿಟ್ಟರೆ ಮುಂದೆ ವಿಜ್ಞಾನದ ಕಡೆ ಹೋಗೋದು ಕಷ್ಟ, ಆ ನಿರ್ಧಾರವನ್ನು ಈಗಲೇ ಮಾಡಬೇಡಿ.

ಎಸ್ಸೆಸ್ಸೆಲ್ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಬರೆಸೋದಾದರೆ ವಯಸ್ಸಿನ ನಿಯಮವನ್ನು ಆಯಾ ವರ್ಷದ ಸುತ್ತೋಲೆಯಲ್ಲೇ ನೋಡಿ, ಯಾರೋ ಹೇಳಿದ್ದನ್ನು ನಂಬಬೇಡಿ.

ಕೆಂಪುಕೋಟೆ
ಕಾನೂನಿನ ಮಾತು ಒಪ್ಪಿದೆ. ಆದರೆ ಜೊತೆ ಮಕ್ಕಳಿಲ್ಲದೆ ಕಲಿಯೋದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

ಮಾತುಕಲಿಕೆ_ಮೈಸೂರು
@ಮುಕ್ತಶಾಲೆ_ಮಾಹಿತಿ ಇದಕ್ಕೊಂದು ಸೇರಿಸ್ತೀನಿ. ನ್ಯೂನತೆ 40% ಮತ್ತು ಮೇಲೆ ಅಂತ ಪ್ರಮಾಣಪತ್ರ ಇದ್ದವರಿಗೆ ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಪೂರ್ತಿ ಒಂದು ಗಂಟೆ. ಇದನ್ನು ಬಿಟ್ಟು ಇನ್ನೊಂದು ಗುಂಪಿದೆ, ಬುದ್ಧಿಮಟ್ಟ ಸುಮಾರು 70ರಿಂದ 85ರ ನಡುವೆ ಇರುವ ಮಕ್ಕಳು. ಇವರಿಗೆ ಎಲ್ಲ ವಿಷಯವೂ ನಿಧಾನ, ಆದರೆ ಪ್ರಮಾಣಪತ್ರ ಸಿಗಲ್ಲ, ಹೆಚ್ಚುವರಿ ಸಮಯವೂ ಇಲ್ಲ. ಒಂದೊಂದೇ ವಿಷಯ ಬರೆಯುವ ಅವಕಾಶ ಹೆಚ್ಚು ಬೇಕಾಗಿರೋದು ಅವರಿಗೇ.

ತುಂಗಾತೀರ
ನಲಿಕಲಿ ಟೀಚರ್ ಹೇಳಿದ ಹಾಗೆ ಮಾಡಿ ನೋಡಿದೆವು. ಬಾಯಲ್ಲಿ ಐದಕ್ಕೆ 4 ನಿಮಿಷ. ಉತ್ತರ ಮಾತ್ರ ಬರೆದದ್ದು 7 ನಿಮಿಷ. ಪುಸ್ತಕ ನೋಡಿ ಬರೆದುಕೊಂಡು ಮಾಡಿದ್ದು 26 ನಿಮಿಷ, ಅದರಲ್ಲಿ ಎರಡು ಲೆಕ್ಕದ ಅಂಕಿಯನ್ನೇ ತಪ್ಪಾಗಿ ಇಳಿಸಿಕೊಂಡಿದ್ದಳು, ಬಿಡಿ ಸ್ಥಾನದ ಕೆಳಗೆ ಹತ್ತರ ಅಂಕಿ. ಕಣ್ಣಿನ ತಪಾಸಣೆಗೆ ದಿನ ಗೊತ್ತು ಮಾಡಿದ್ದೇವೆ. ಶೂನ್ಯ ನೋಡುವುದೆಲ್ಲ ಇಲ್ಲ.

ನಲಿಕಲಿ_ಟೀಚರ್
ನೋಡಿ, ಲೆಕ್ಕ ಅವಳಿಗೆ ಬರುತ್ತೆ! ಒಂದು ಗಂಟೆಯಲ್ಲಿ ಬಹುಪಾಲು ಹೋಗ್ತಿರೋದು ನಕಲಿಗೆ. ಗಣಿತಕ್ಕೆ 2ನೇ ತರಗತಿಗೆ ಇಳಿಸುವ ಮಾತೇ ಬೇಡ. ಲೆಕ್ಕ ನೀವೇ ಬರೆದುಕೊಡಿ.

ಕೈಬರಹ_ಉಡುಪಿ
ಚೌಕದ ನೋಟ್‌ಬುಕ್ ತನ್ನಿ, ಒಂದು ಚೌಕಕ್ಕೆ ಒಂದೇ ಅಂಕಿ. ಬಿಡಿ–ಹತ್ತು–ನೂರು ಮನೆಗಳ ತಲೆಗೆ ಮೂರು ಬಣ್ಣ. ಅಂಕಿ ಜಾರುವುದು ಅಲ್ಲಿಗೇ ಮುಕ್ಕಾಲುವಾಸಿ ನಿಲ್ಲುತ್ತದೆ.

ಕನ್ನಡ ಬರಹಕ್ಕೆ ಅಗಲ ಸಾಲಿನ ಪುಸ್ತಕವೇ ಬೇಕು. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಇಕಾರದ ಗುಡಿಸು ಮೇಲೆ ಏರುತ್ತದೆ. ಇಕ್ಕಟ್ಟಿನ ಸಾಲಿನಲ್ಲಿ ಮಗು ಒತ್ತನ್ನು ಮುಂದಿನ ಸಾಲಿಗೆ ತಾಗದಂತೆ ಬರೆಯಲು ಹೆಣಗಾಡುತ್ತದೆ, ವೇಗ ಅಲ್ಲಿ ಸಾಯುತ್ತದೆ. ಸಿಗದಿದ್ದರೆ ಒಂದು ಸಾಲು ಬಿಟ್ಟು ಒಂದು ಸಾಲು.

ಕೂರುವುದನ್ನೂ ನೋಡಿ. ಪಾದ ನೆಲಕ್ಕೆ ತಾಗಬೇಕು, ತಾಗದಿದ್ದರೆ ಮಣೆ ಇಡಿ. ಮೇಜು ಮೊಣಕೈ ಎತ್ತರಕ್ಕಿರಲಿ. ನೆಲದ ಮೇಲೆ ಬಗ್ಗಿ ಬರೆದರೆ ಮೈಯ ಭಾರವೆಲ್ಲ ಎಡಗೈಗೆ ಬಿದ್ದು, ಪುಸ್ತಕ ಹಿಡಿಯಲು ಕೈಯೇ ಇರುವುದಿಲ್ಲ. ಪೆನ್ಸಿಲ್ 2ಬಿ, ತ್ರಿಕೋನದ್ದು. ಎಚ್‌ಬಿಯಲ್ಲಿ ಗೆರೆ ಕಪ್ಪಾಗಲಿಲ್ಲವೆಂದು ಒತ್ತಿ ಒತ್ತಿ ಬರೆದು ಬೆರಳು ನೋಯುವ ಮಕ್ಕಳಿದ್ದಾರೆ. ಪುಟದ ಹಿಂಬದಿ ಸವರಿ ನೋಡಿ, ಉಬ್ಬು ತಾಗಿದರೆ ಒತ್ತಡ ಜಾಸ್ತಿ. ಹಿಟ್ಟು ನಾದುವುದು, ಬಟ್ಟೆ ಹಿಂಡುವುದು, ಅವರೆಕಾಳು ಹಿಸುಕುವುದು ದಿನಾ ಕೊಡಿ, ಬೆರಳಿಗೆ ಬಲ ಬರುತ್ತದೆ.

ಬರಹ ದಿನಕ್ಕೆ ಹತ್ತು ನಿಮಿಷ, ಬೇರೆ ಪಾಠವಾಗಿ. ಪರಿಸರ, ಕನ್ನಡದ ಪ್ರಶ್ನೋತ್ತರಗಳನ್ನು ಅವಳು ಹೇಳಲಿ, ನೀವು ಬರೆದುಕೊಳ್ಳಿ, ಕೊನೆಯ ಒಂದು ವಾಕ್ಯ ಮಾತ್ರ ಅವಳ ಕೈಯಲ್ಲಿ.

ಬಯಲುಸೀಮೆ_ಅಪ್ಪ
ತಾಯಿ ಬರೆದುಕೊಟ್ಟರೆ ಮಗು ಸೋಮಾರಿ ಆಗಲ್ವಾ?

ಕೈಬರಹ_ಉಡುಪಿ
@ಬಯಲುಸೀಮೆ_ಅಪ್ಪ ಅವಳ ಬರವಣಿಗೆ ನಿಲ್ಲಿಸುತ್ತಿಲ್ಲವಲ್ಲ. ಬರವಣಿಗೆಯ ಪಾಠದಲ್ಲಿ ಬರವಣಿಗೆ, ವಿಜ್ಞಾನದ ಪಾಠದಲ್ಲಿ ವಿಜ್ಞಾನ. ಎರಡನ್ನೂ ಒಟ್ಟಿಗೆ ಕಟ್ಟಿದರೆ ಕೈ ಸೋತಾಗಲೆಲ್ಲ ತಲೆಯೂ ನಿಲ್ಲುತ್ತದೆ. ಕೈ ಸುಧಾರಿಸಿದ ಹಾಗೆ ಒಂದು ವಾಕ್ಯ ಎರಡಾಗಲಿ, ಮೂರಾಗಲಿ.

ಡಲ್ಲಾಸ್_ಕನ್ನಡತಿ
ಇಲ್ಲಿ ಟೆಕ್ಸಾಸ್‌ನಲ್ಲಿ ಮನೆಶಾಲೆಯನ್ನು ಖಾಸಗಿ ಶಾಲೆ ಅಂತಲೇ ಲೆಕ್ಕ ಹಿಡೀತಾರೆ, ವರ್ಷದ ಪರೀಕ್ಷೆ ಕಡ್ಡಾಯ ಇಲ್ಲ. ಪೆನ್ಸಿಲ್ವೇನಿಯಾದಲ್ಲಿ ಪ್ರತಿ ವರ್ಷ ಕೆಲಸದ ಕಡತ ತೋರಿಸಿ ಮೌಲ್ಯಮಾಪನ ಮಾಡಿಸಬೇಕು. ಆ ಕಡತದ ಕ್ರಮ ಕಡ್ಡಾಯ ಇಲ್ಲದವರಿಗೂ ಒಳ್ಳೇದು: ತಿಂಗಳಿಗೆ ಪ್ರತಿ ವಿಷಯದ ಎರಡು ಪುಟ, ದಿನಾಂಕ ಹಾಕಿ, ಓದಿದ್ದರ ಒಂದು ನಿಮಿಷದ ಧ್ವನಿಮುದ್ರಣದ ಜೊತೆ ಇಡಿ. ನಿಧಾನದ ಮಗುವಿನ ಪ್ರಗತಿ ವಾರದಲ್ಲಿ ಕಾಣಲ್ಲ, ಜೂನ್‌ದು ಮತ್ತು ಡಿಸೆಂಬರ್‌ದು ಪಕ್ಕಪಕ್ಕ ಇಟ್ಟರೆ ಕಾಣುತ್ತೆ. ನಾಳೆ ತಪಾಸಣೆಗೆ ಹೋದರೂ ಇದೇ ಉಪಯೋಗಕ್ಕೆ ಬರೋದು.

ತುಂಗಾತೀರ
ಎಲ್ಲರಿಗೂ ತುಂಬಾ ಧನ್ಯವಾದ. ದಿನಕ್ಕೆ ಒಟ್ಟು ಎಷ್ಟು ಹೊತ್ತು ಕೂರಿಸೋದು ಸರಿ? ಓದಿಗೆ ಯಾವ ಪುಸ್ತಕ, ಎಷ್ಟು?

ನಲಿಕಲಿ_ಟೀಚರ್
ಕೂತು ಮಾಡುವ ಪಾಠ ಎರಡರಿಂದ ಎರಡೂವರೆ ಗಂಟೆ ಸಾಕು, 15–20 ನಿಮಿಷದ ತುಂಡುಗಳಾಗಿ. ಓದು ಬೆಳಿಗ್ಗೆ ಮೊದಲು, ಆಮೇಲೆ ಎದ್ದು ಓಡಾಡುವ ಏನಾದರೂ, ಆಮೇಲೆ ಗಣಿತ. ಬರಹ ಮತ್ತು ಓದು ಬೆನ್ನಿಗೆ ಬೆನ್ನು ಇಡಬೇಡಿ. ಮುಗಿಯದಿದ್ದರೂ ಹೊತ್ತಾದ ಮೇಲೆ ಪುಸ್ತಕ ಮುಚ್ಚಿ, ನಾಳೆ ಅಲ್ಲಿಂದಲೇ ಶುರು. ಸಂಜೆ 4ರ ತನಕ ಎಳೆದರೆ ಕೊನೆಯ ಎರಡು ಗಂಟೆಯಲ್ಲಿ ಏನೂ ತಲೆಗೆ ಇಳಿಯಲ್ಲ, ಪುಸ್ತಕ ಕಂಡರೆ ಬೇಸರ ಮಾತ್ರ ಉಳಿಯುತ್ತೆ.

ಓದಿನಲ್ಲಿ ಮಾತ್ರ ತರಗತಿ ನೋಡದೆ ಮಟ್ಟ ನೋಡಿ. 100 ಪದದ ಭಾಗ ಓದಿಸಿ, 5ರೊಳಗೆ ತಪ್ಪಾದರೆ ಆ ಪುಸ್ತಕ ಸರಿ. 10 ದಾಟಿದರೆ ಇನ್ನೂ ಸುಲಭದ್ದು ತಗೊಳ್ಳಿ. ಅಕ್ಷರಗಳಲ್ಲೇ ತಡವರಿಸಿದರೆ ನಲಿಕಲಿಯ (ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಕಲಿಕಾ ಪದ್ಧತಿಯ) ಕ್ರಮ ಪ್ರಯತ್ನಿಸಿ: ಅಆಇಈ ಬಿಟ್ಟು ರ ಗ ಸ ದ ಅ ಮೊದಲು, ಆಮೇಲೆ ಜ ವ ಮ ಬ ನ. ಐದೇ ಅಕ್ಷರಕ್ಕೆ ಗರಗಸ, ದಸರ, ಅರಸ, ಅಗಸ ಓದಬಹುದು. ಹತ್ತಾದರೆ ಬಸವ, ನಮನ, ಮರ, ವನ. ಅಕ್ಷರ ಕಲಿತ ದಿನವೇ ಪದ ಓದಿದ ಸಂತೋಷ ಸಿಗುತ್ತೆ. ಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ನೋಡಿ, ಕನ್ನಡದ ಚಿತ್ರಕಥೆಗಳು ನಾಲ್ಕು ಮಟ್ಟದಲ್ಲಿ ಉಚಿತವಾಗಿವೆ.

ಮಾತುಕಲಿಕೆ_ಮೈಸೂರು
ಒತ್ತಕ್ಷರದಲ್ಲಿ ನಿಲ್ತಾಳೆ ಅಂದಿರಿ. ಎಲ್ಲ ಒತ್ತೂ ಒಂದೇ ಕಷ್ಟದ್ದಲ್ಲ. ಗ್ಗ, ದ್ದ, ಬ್ಬ, ಳ್ಳ ಇವುಗಳ ಒತ್ತು ಮೂಲ ಅಕ್ಷರದಂತೆಯೇ ಇರೋದರಿಂದ ಮೊದಲು ಇವು: ಹಗ್ಗ, ಗೆದ್ದ, ಹಬ್ಬ, ಹಳ್ಳ. ತ, ನ, ಮ, ಯ, ರ, ಲ ಇವುಗಳ ಒತ್ತು ಬೇರೆ ರೂಪ, ಅವನ್ನು ಹೊಸ ಅಕ್ಷರ ಅಂತಲೇ ಕಲಿಸಿ, ವಾರಕ್ಕೆ ಎರಡು: ಹತ್ತು, ಅನ್ನ, ಅಮ್ಮ, ಅಯ್ಯ, ಚಕ್ರ, ಹಲ್ಲು. ಆಮೇಲೆ ಸ್ತ, ಕ್ಷ, ಜ್ಞ ತರಹದವು. ಅರ್ಕಾವೊತ್ತು ಕಟ್ಟಕಡೆಗೆ. "ಸೂರ್ಯ", "ಧರ್ಮ" ದಲ್ಲಿ ಗುರುತು ಆಮೇಲೆ ಬರುತ್ತೆ, ಧ್ವನಿ ಮೊದಲು ಬರುತ್ತೆ. ಎಡದಿಂದ ಬಲಕ್ಕೆ ನಿಯತ್ತಾಗಿ ಕೂಡಿಸಿ ಓದುವ ಮಗುವೇ ಅಲ್ಲಿ ಎಡವೋದು.

ತುಂಗಾತೀರ
ಒಂದೇ ಭಾಗವನ್ನು ಎಷ್ಟು ದಿನ ಓದಿಸಬೇಕು? ಬಾಯಿಪಾಠ ಆಗಿಬಿಡುತ್ತಲ್ಲ?

ಮಾತುಕಲಿಕೆ_ಮೈಸೂರು
60–80 ಪದದ ಭಾಗ ಸಾಕು. ಮೊದಲ ದಿನ ನೀವು ಬೆರಳಿಟ್ಟು ಓದಿ, ಆಮೇಲೆ ಇಬ್ಬರೂ ಒಟ್ಟಿಗೆ, ಆಮೇಲೆ ಅವಳೊಬ್ಬಳೇ. ಮರುದಿನ ಅವಳೊಬ್ಬಳೇ ಎರಡು ಸಲ. ತಪ್ಪಿದ ಪದವನ್ನು ಅಲ್ಲೇ ಹೇಳಿಕೊಡಿ, ಮೂರು ಸೆಕೆಂಡಿಗಿಂತ ಹೆಚ್ಚು ಕಾಯಬೇಡಿ, ಆ ಪದವನ್ನು ಚೀಟಿಗೆ ಬರೆದಿಟ್ಟುಕೊಳ್ಳಿ. ಮೂರು ನಾಲ್ಕು ದಿನಕ್ಕೆ ಭಾಗ ಬದಲಿಸಿ. ಬಾಯಿಪಾಠ ಆಯ್ತಾ ಅಂತ ಅನುಮಾನ ಬಂದರೆ ಅದೇ ಪದಗಳನ್ನು ಬೇರೆ ವಾಕ್ಯದಲ್ಲಿ ಬರೆದು ಓದಿಸಿ, ಇಲ್ಲವೇ ಭಾಗದ ಕೊನೆಯ ವಾಕ್ಯದಿಂದ ಹಿಂದಕ್ಕೆ ಒಂದೊಂದೇ ವಾಕ್ಯ ಓದಿಸಿ. ಆಗಲೂ ಓದಿದರೆ ಅದು ಬಾಯಿಪಾಠ ಅಲ್ಲ. ಚೀಟಿಯ ಪದಗಳನ್ನು ಮರುದಿನ, ಮೂರನೇ ದಿನ, ವಾರದ ಮೇಲೆ ಒಂದು ಸಲ ತೋರಿಸಿ. ವಾರದ ಮೇಲೂ ನೋಡಿದ ತಕ್ಷಣ ಓದಿದ ಚೀಟಿ ಡಬ್ಬಿಗೆ ಹೋಗಲಿ, ಉಳಿದದ್ದು ಮತ್ತೆ ಮೊದಲ ದಿನದಿಂದ.